ಬಿಳಿಕೆರೆಯಿಂದ ಬಾರದ ಚೀಟಿ

ಮೈಸೂರು ಬಸ್ಸು ಹುಣಸೂರಿಗೆ ಬಂದು ನಿಂತದ್ದೇ ತಡ, ಗುರುಮಲ್ಲಪ್ಪ ಕಂಡಕ್ಟರ್ ನಂಜಣ್ಣನ ಕೈ ನೋಡಿದ.

“ಚೀಟಿ ಇಲ್ಲ ಕಣಣ್ಣ. ಬಿಳಿಕೆರೇಲಿ ಯಾರ್ಗೂ ಕಾಯ್ಲೇನೇ ಇಲ್ವಂತೆ,” ಎಂದು ನಂಜಣ್ಣ ಬೀಡಿ ಹಚ್ಚಿದ. “ನಿಂಗೊಬ್ಬಂಗೇ ಇರೋದು.”

ಗುರುಮಲ್ಲಪ್ಪ ಹುಣಸೂರು ಆಸ್ಪತ್ರೆ ವ್ಯಾನಿನ ಡ್ರೈವರ್. ಬಿಳಿಕೆರೆ ದವಾಖಾನೆಯ ನರ್ಸ್ ಮಂಗಳಮ್ಮ ಚೀಟಿ ಬರೆದು ಬಸ್ಸಿನಲ್ಲಿ ಕಳಿಸಿದರೆ, ಅವನು ಹೋಗಿ ರೋಗಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಮೊದಲೆಲ್ಲ ವಾರಕ್ಕೆ ಮೂರು ಚೀಟಿ. ರೋಗಿಯ ಜೊತೆ ಅವಳೂ ಬರುತ್ತಿದ್ದಳು. ಕನ್ನಡಿಯಲ್ಲಿ ಕಣ್ಣು ಕಣ್ಣು ಕೂಡಿದರೆ, ಇಬ್ಬರೂ ಒಟ್ಟಿಗೇ ರಸ್ತೆಯ ಗುಂಡಿಗಳನ್ನು ಬೈಯುತ್ತಿದ್ದರು.

ಈಗ ಇಪ್ಪತ್ತು ದಿನದಿಂದ ಒಂದೂ ಇಲ್ಲ.

“ಒಸ ಕಾಂಪೌಂಡರ್ ಬಂದವ್ರಲ್ಲ, ಚನ್ನಬಸವಣ್ಣ,” ಎಂದ ನಂಜಣ್ಣ. “ಇಬ್ರೂ ಮನೆಮನೆಗೆ ಓಗಿ ಅಲ್ಲೇ ವಾಸಿ ಮಾಡ್ತಾವ್ರೆ. ನರ್ಸಮ್ಮನ ಚೀಲ ಅವರ ಸೈಕಲ್ ಮೇಲೆ, ನರ್ಸಮ್ಮ ಪಕ್ಕದಾಗೆ.”

ಆ ಕಂದು ಚೀಲ ಇಷ್ಟು ದಿನ ಗುರುಮಲ್ಲಪ್ಪನ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿತ್ತು. ಬೇರೆಯವನ ಹಗ್ಗ ಅದನ್ನು ಬಿಗಿದಿರುವುದನ್ನು ನೆನೆದು ಅವನಿಗೆ ಮಧ್ಯಾಹ್ನದ ಮುದ್ದೆ ಇಳಿಯಲಿಲ್ಲ. ಬಿಳಿಕೆರೆಯವರಿಗೆ ಒಂದು ಜ್ವರವಾದರೂ ಬರಬಾರದೇ ಎಂದುಕೊಂಡ. ಆಮೇಲೆ ತನಗೇ ನಾಚಿಕೆಯಾಯಿತು.

ಗುರುವಾರ ಚೀಟಿ ಬಂತು. ಹೆರಿಗೆ ಕಷ್ಟವಾಗಿದೆ, ಬೇಗ ಬನ್ನಿ. ಅಕ್ಷರ ಮಂಗಳಮ್ಮನದಲ್ಲ, ಚನ್ನಬಸವಣ್ಣನದು. ಅದೂ ಮುತ್ತಿನಂತೆ ದುಂಡಗೆ.

ಹೋದರೆ, ಆ ಮನುಷ್ಯ ಎತ್ತರವಾಗಿ, ಬಿಳಿ ಅಂಗಿಯಲ್ಲಿ ನಿಂತಿದ್ದ. ಗರ್ಭಿಣಿ ವೀರಮ್ಮನನ್ನು ವ್ಯಾನಿನಲ್ಲಿ ಮಲಗಿಸಿ, “ಹುಷಾರು ಮಂಗಳಮ್ಮ, ಸೆರಗು ಬಾಗಿಲಿಗೆ ಸಿಕ್ಕೀತು,” ಎಂದ. ಗುರುಮಲ್ಲಪ್ಪ ಬಾಗಿಲನ್ನು ಧಡಾರನೆ ಹಾಕಿದ.

ಸಂಜೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು, ತಾಯಿಯೂ ಉಳಿದಳು. ಅವನು ಕಾಂಪೌಂಡಿನಲ್ಲಿ ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದಾಗ ಮಂಗಳಮ್ಮ ಬಂದು ನಿಂತಳು.

“ನಾನು ಬ್ಯಾಡ್ವಾದೆ ಅಂದ್ಕಂಡೆ,” ಎಂದ, ತಲೆಯೆತ್ತದೆ. “ಸೈಕಲ್ ಬಂತಲ್ಲ.”

“ಸೈಕಲ್ ಮೇಲೆ ಹೊಟ್ಟೆಕಿಚ್ಚಾ?”

“ಸೈಕಲ್ ಮೇಲಲ್ಲ.”

ತುಟಿಗೆ ಬಂದ ನಗುವನ್ನು ಅವಳು ಅಲ್ಲೇ ತಡೆದಳು. “ಹೋದ್ ತಿಂಗ್ಳು, ಕೊನೇ ಸಲ, ನಮ್ಮೂರ ಕೆಂಪಾಜಮ್ಮನ್ನ ಹೊಟ್ಟೆನೋವು ಅಂತ ಕರ್ಕೊಂಡ್ ಬಂದ್ವಲ್ಲ, ಅದು ಬರೀ ವಾಯು. ಓಮದ ನೀರು ಕೊಟ್ಟಿದ್ರೆ ಸಾಕಿತ್ತು. ನಂಗೆ ಗೊತ್ತಿತ್ತು.”

“ಮತ್ತೆ ಚೀಟಿ ಬರೆದ್ರಲ್ಲ?”

“ನೀವು ಬರ್ತೀರ ಅಂತ ಬರೆದೆ.”

ಅವನ ಕೈಯ ಚೊಂಬು ಹಾಗೇ ನಿಂತಿತು.

“ಅದೇ ಹೊತ್ತಿಗೆ ಗುರುಪುರದವಳೊಬ್ಳು ಹೆರಿಗೆ ನೋವಲ್ಲಿ ಎತ್ತಿನಗಾಡೀಲಿ ಹುಣಸೂರಿಗೆ ಬಂದ್ಲು. ವ್ಯಾನ್ ಇರ್ಲಿಲ್ಲ. ಕೂಸು ಉಳೀಲಿಲ್ಲ. ಆಮೇಲೂ ನಿಮ್ಮನ್ನ ನೋಡೋಕೆ ಅಂತ ಚೀಟಿ ಹೆಂಗ್ ಬರೀಲಿ?”

ಅವನು ಚೊಂಬನ್ನು ಕೆಳಗಿಟ್ಟ. “ಅವತ್ತು ವಾಪಸ್ ಬರ್ತಾ ನಾನು ಬೇಕಂತ್ಲೇ ನಿಧಾನಕ್ಕೆ ಓಡಿಸ್ದೆ,” ಎಂದ. “ಬಿಳಿಕೆರೆ ಬಂದ್ರೆ ನೀವು ಇಳ್ಕಂಡ್ ಬುಡ್ತೀರ ಅಂತ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೂ ಅವನಿಗೆ ತಡೆಯಲಾಗಲಿಲ್ಲ. “ಆ ಕಾಂಪೌಂಡರು ನಿಮ್ಮನ್ನ ಏನಾರ ಕೇಳಿದ್ರಾ?”

“ಕೇಳಿದ್ರು. ಮದುವೆ ಆಗ್ತೀರಾ ಅಂತ.”

“ಏನಂದ್ರಿ?”

“ಮನಸ್ಸು ಬೇರೆ ಕಡೆ ಇದೆ ಅಂದೆ. ಒಳ್ಳೇರು, ಮತ್ತೆ ಆ ಮಾತೇ ಎತ್ಲಿಲ್ಲ.”

ಒಳ್ಳೆಯವರು ಎಂದದ್ದೂ ಅವನಿಗೆ ಸ್ವಲ್ಪ ಚುಚ್ಚಿತು. “ಇನ್ಮೇಲೆ ಯಾರ್ಗೂ ಏನೂ ಆಗ್ದಿದ್ರೆ ನಾನ್ ಹೆಂಗೆ ಬರ್ಲಿ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಭಾನುವಾರ ಬನ್ನಿ, ನಮ್ಮಪ್ಪ ಮನೇಲಿರ್ತಾರೆ. ಒಬ್ರೇ ಬರಬೇಡಿ, ನಿಮ್ಮವ್ವನ್ನೂ ಕರ್ಕೊಂಡ್ ಬನ್ನಿ.”