ಒದ್ದೆ ಹತ್ತಿ

ಗಾಜುಮನೆಯಲ್ಲಿ ಗಂಡು ಗಿಡ ಇರಲಿಲ್ಲ. ಅಲ್ಲಿ ಬೆಳೆಸುತ್ತಿದ್ದ ಅಪರೂಪದ ಜಾತಿ ಹೂ ಬಿಡುವುದು ಬದುಕಿನಲ್ಲಿ ಒಂದೇ ಸಲ. ಹೋದ ವರ್ಷ ಗಂಡು ಗಿಡ ಹೂ ಬಿಟ್ಟು ಸತ್ತಿತ್ತು. ಉಳಿದದ್ದು ಅದರ ಪರಾಗ ತುಂಬಿದ ಒಂದು ಸೀಸೆ, ಮೊಗ್ಗು ಕಟ್ಟುತ್ತಿದ್ದ ಒಂದು ಹೆಣ್ಣು ಗಿಡ. ಬೀಜ ಕಟ್ಟದಿದ್ದರೆ ಗಾಜುಮನೆ ಮುಚ್ಚುತ್ತೇವೆಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿದ್ದರು. ಮುಚ್ಚಿದರೆ ತೋಟಗಾರನಿಗೆ ಬೇರೆ ಊರೇ ಗತಿ.

ಅವನ ಸಹೋದ್ಯೋಗಿಯೊಬ್ಬಳ ಕೆಲಸ ಪಕ್ಕದ ಕೋಣೆಯಲ್ಲಿ, ಲೋಳೆಮೀನಿನ, ಅಂದರೆ ಜೆಲ್ಲಿಫಿಶ್‌ನ, ತೊಟ್ಟಿಗಳ ಜೊತೆ. ಫ್ರಿಜ್ ಇಬ್ಬರಿಗೂ ಒಂದೇ; ಪರಾಗದ ಸೀಸೆಯೂ ಅದರಲ್ಲೇ. ಗಾಜಿಗೆ ಅಂಟಿಕೊಂಡ ಮರಿಗಳನ್ನು ಅದರಲ್ಲಿ ತಣ್ಣಗಿಟ್ಟರೆ ಅವು ಬಿಲ್ಲೆಬಿಲ್ಲೆಯಾಗಿ ಬಿಡಿಸಿಕೊಂಡು, ಒಂದೊಂದು ಬಿಲ್ಲೆಯೂ ಪುಟ್ಟ ಲೋಳೆಮೀನಾಗಿ ಈಜುತ್ತಿತ್ತು.

"ನಿಮ್ಮವಕ್ಕೆ ಜೋಡಿನೇ ಬೇಡ. ಪುಣ್ಯ ಮಾಡಿವೆ," ಎನ್ನುತ್ತಿದ್ದ ಅವನು, ಅವಳ ಮೊಣಕೈಯಲ್ಲಿ ಒಣಗಿದ ಉಪ್ಪನ್ನು ನೋಡುತ್ತ.

"ಚಿಕ್ಕವಿದ್ದಾಗ ಅಷ್ಟೇ ರೀ. ದೊಡ್ಡವಾದ ಮೇಲೆ ಗಂಡು ಬೇರೆ, ಹೆಣ್ಣು ಬೇರೆ."

ಇಬ್ಬರೂ ಫ್ರಿಜ್ಜಿನ ಬಾಗಿಲು ಮುಚ್ಚಲು ಮರೆಯುತ್ತಿದ್ದರು.

ಅಮ್ಮನಿಗೆ ಹುಷಾರಿಲ್ಲವೆಂದು ಅವನು ಊರಿಗೆ ಹೋದಾಗ ಸೀಸೆಯನ್ನು ಅವಳಿಗೇ ಒಪ್ಪಿಸಿದ್ದ. ಒಳಗೆ ತೇವ ಹೀರುವ ಮಣಿಗಳಿದ್ದವು. ಅವಳು ಬಲ್ಲ ಜೀವಗಳಲ್ಲಿ ಒಣಗಿದ್ದೆಂದರೆ ಸತ್ತದ್ದು. ಮಣಿಗಳನ್ನು ತೆಗೆದು ಒದ್ದೆ ಹತ್ತಿ ಇಟ್ಟಳು. ದಿನವೂ ಮುತುವರ್ಜಿಯಿಂದ ನೆನೆಸಿದಳು.

ಅವನು ಮರಳಿದ ಮರುದಿನ ಬೆಳಿಗ್ಗೆ ಹದಿನಾಲ್ಕು ಹೂಗಳು ಅರಳಿದವು. ಪರಾಗ ಹಿಡಿಯುವ ಶಲಾಕೆಯ ತುದಿ ಅಂಟಂಟಾಗಿ ಹೊಳೆಯುತ್ತಿತ್ತು. ಆ ಹೊಳಪು ಸಂಜೆಯವರೆಗೆ ಮಾತ್ರ; ಆಮೇಲೆ ಪರಾಗ ಹಿಡಿಯದು. ಅವನು ಚಿಟಿಕೆ ಪರಾಗವನ್ನು ಸೂಕ್ಷ್ಮದರ್ಶಕದಡಿ ಇಟ್ಟ. ಕಣಗಳೆಲ್ಲ ಒಡೆದು ಬೂಷ್ಟು ಹಿಡಿದಿದ್ದವು. ಮಣಿಗಳನ್ನು ತೆಗೆದವರು ಯಾರೆಂದು ಕೇಳಿದ.

"ನಾನೇ. ಒಣಗ್ತಿದೆ ಅನ್ಕೊಂಡೆ. ನಿಮ್ಮದಲ್ವಾ, ಸಾಯಬಾರದು ಅಂತ..."

"ಬೇರೆ ಯಾರಾದ್ರೂ ಆಗಿದ್ರೆ ಬೈದು ಹಗುರ ಆಗ್ತಿದ್ದೆ ರೀ."

"ಬೈಯಿರಿ."

ಅವನು ಬೈಯಲಿಲ್ಲ. ಕುಂಚ ತೆಗೆದುಕೊಂಡು ಆ ಸತ್ತ ಪುಡಿಯನ್ನೇ ಒಂದೊಂದು ಹೂವಿಗೂ ಸವರಿದ. ಅವಳು ರೆಂಬೆ ಬಾಗಿಸಿ ಹಿಡಿದಳು. ಅವನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು. ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸಂಜೆಯವರೆಗೆ ಇಬ್ಬರೂ ನಿಲ್ಲಿಸಲಿಲ್ಲ.

ಕಾಯಿ ಕಟ್ಟಲಿಲ್ಲ. ಗಾಜುಮನೆಗೆ ಬೀಗ ಬಿದ್ದ ದಿನ ಅವಳು ನಾಚಿಕೆ ಬಿಟ್ಟು, ಜೊತೆಗೆ ಬರಲೇ ಎಂದು ಕೇಳಿದಳು.

"ನಿಮ್ಮನ್ನ ಬಿಟ್ಟು ಇನ್ಯಾರೂ ನನಗೆ ಬೇಡ," ಎಂದ. "ಆದ್ರೆ ನಿಮ್ಮ ಮುಖ ನೋಡಿದ್ರೆ ಆ ಸೀಸೆ ಕಾಣುತ್ತೆ. ಏನ್ಮಾಡಲಿ, ಹೇಳಿ."

ಅವನು ಹೋದ.

ಒಂದು ಒದ್ದೆ ಹತ್ತಿಯಿಂದ ಅವಳು ಕಳೆದುಕೊಂಡದ್ದು ಹದಿನಾಲ್ಕು ಹೂ, ಒಂದು ಗಿಡ, ಒಬ್ಬ ಮನುಷ್ಯ.