ಐದು ಬಟ್ಟೆ, ಒಂದು ಬ್ಯಾಗು

“ಇಷ್ಟೊಂದು ಬಟ್ಟೆ ಇದ್ರೂ ಹಾಕ್ಕೊಳ್ಳೋಕೆ ಒಂದೂ ಇಲ್ವಲ್ಲಾ, ಯಾಕೆ?”

ಬುಗುರಿ ಕಪಾಟಿನ ಮುಂದೆ ನಿಂತು ಜೋರಾಗಿ ಕೇಳಿದಳು. ಯಾರನ್ನೂ ಕೇಳಿದ್ದಲ್ಲ. ಕಪಾಟಂತೂ ಬಾಯಿ ತೆರೆದುಕೊಂಡೇ ಸುಮ್ಮನಿತ್ತು.

ಒಂದು ಕಡೆ ನಿಲ್ಲುವವಳಲ್ಲವೆಂದು ಮನೆಯಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಇವತ್ತಂತೂ ಕೇಳಲೇಬೇಡಿ. ನಾಳೆ ಐದನೇ ಕ್ಲಾಸಿನವರೆಲ್ಲ ಐದು ದಿನದ ಟೂರ್ ಹೊರಡುತ್ತಾರೆ. ಯೂನಿಫಾರಂ ಬೇಡ, ಬಣ್ಣದ ಬಟ್ಟೆ. ಆದರೆ ಒಬ್ಬರಿಗೆ ಒಂದೇ ಬ್ಯಾಗು, ಅದನ್ನು ಅವರವರೇ ಹೊರಬೇಕು ಎಂದಿದ್ದರು ಟೀಚರ್.

ಸಿಕ್ಕಿದ್ದನ್ನೆಲ್ಲ ತುರುಕಿದಳು. ಜಿಪ್ ಅರ್ಧಕ್ಕೇ ನಿಂತಿತು. ಬ್ಯಾಗಿನ ಮೇಲೆ ಹತ್ತಿ ಕೂತಳು.

“ಎಷ್ಟು ಹೊತ್ತು ಕಾವು ಕೊಟ್ರೂ ಅದು ಮರಿ ಆಗಲ್ಲ, ಏಳೇ,” ಎಂದಳು ಅಕ್ಕ.

ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ಟಕಟಕ ಎನ್ನುತ್ತಿತ್ತು. ಅಮ್ಮ ಅಲ್ಲಿಂದಲೇ ಹೇಳಿದಳು: “ಐದೇ ಬಟ್ಟೆ ಸಾಕು ಕಣೆ. ಮೂರು ಮೇಲಿಂದು, ಎರಡು ಕೆಳಗಿಂದು. ಯಾವುದನ್ನ ಯಾವುದರ ಜೊತೆ ಹಾಕಿದ್ರೂ ಹೊಂದಬೇಕು. ಜಗಳಗಂಟಿ ಬಟ್ಟೆ ಬ್ಯಾಗಿಗೆ ಬೇಡ.”

ಬುಗುರಿ ಎಲ್ಲವನ್ನೂ ನೆಲದ ಮೇಲೆ ಸುರಿದಳು. ಕೆಂಪು ಫ್ರಾಕು ಯಾರೊಂದಿಗೂ ಸೇರಲಿಲ್ಲ. ಹೂವಿನ ಅಂಗಿಯೂ ಅಷ್ಟೇ. ಕೊನೆಗೆ ಉಳಿದದ್ದು ಬಿಳಿ ಶರ್ಟು, ಹಳದಿ ಟೀ ಶರ್ಟು, ಹಸಿರು ಗೆರೆಯ ಅಂಗಿ. ಕೆಳಗೆ ನೀಲಿ ಪ್ಯಾಂಟು. ಇನ್ನೊಂದು? ಹೋದ ವರ್ಷದವೆಲ್ಲ ಮೊಣಕಾಲಿನತ್ತ ಹೊರಟಿದ್ದವು. ಹೊಸದು ಕೊಳ್ಳುವ ಮಾತು ತೆಗೆದರೆ ಅಮ್ಮನಿಗೆ ಯಂತ್ರದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

“ನನ್ನ ಬೂದು ಸ್ಕರ್ಟ್ ತಗೋ. ನನಗೆ ಬೇಡ,” ಎಂದಳು ಅಕ್ಕ.

ಬೂದು ಬಣ್ಣ ಮೂರಕ್ಕೂ ಹೊಂದಿತು! ಮೂರೆರಡಲೆ ಆರು. ಐದು ದಿನಕ್ಕೆ ಆರು ಡ್ರೆಸ್! ಬುಗುರಿ ಮೂರು ಸುತ್ತು ಗಿರಕಿ ಹೊಡೆದಳು.

ಸ್ಕರ್ಟು ಸಡಿಲವಾಗಿತ್ತು. ಅಮ್ಮ ಸೊಂಟದ ಅಳತೆ ತೆಗೆದು, ಎರಡೂ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಷ್ಟರಲ್ಲಿ ಕೋಟು ಹೊಲಿಯಲು ಕೊಟ್ಟಿದ್ದ ಹೆಂಗಸು ಬಂದು ಬೆಂಚಿನ ಮೇಲೆ ಕೂತರು.

“ಇವರದ್ದು ಮುಗಿಸಿ ಬರ್ತೀನಿ. ಸ್ಕರ್ಟ್ ಮುಟ್ಟಬೇಡ,” ಎಂದಳು ಅಮ್ಮ.

ಬುಗುರಿ ಕಾದಳು. ಕಿಟಕಿಯವರೆಗೆ ಹೋದಳು, ಬಂದಳು. ಮತ್ತೆ ಹೋದಳು. ಕೆಳಗಿನ ಮನೆಯ ಗೆಳತಿ ಆಗಲೇ ಬ್ಯಾಗು ಹೆಗಲಿಗೇರಿಸಿ ಅಂಗಳದಲ್ಲಿ ನಡೆದು ನೋಡುತ್ತಿದ್ದಳು. ಬುಗುರಿಯ ಅಂಗೈ ತುರಿಸಿತು. ಗೆರೆ ಇದೆ, ಕತ್ತರಿ ಇದೆ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಇನ್ನೇನು?

ಗೆರೆಯ ಮೇಲೆಯೇ ಕತ್ತರಿಸಿದಳು. ಒಂದು ಎಳೆಯೂ ಆಚೀಚೆ ಹೋಗದ ಹಾಗೆ, ಎರಡೂ ಪಕ್ಕ. “ಅಮ್ಮಾ, ನೋಡು ಎಷ್ಟು ನೇರ!”

ಅಮ್ಮ ಎತ್ತಿ ನೋಡಿದಳು. “ಗೆರೆ ಮೇಲೇ ಕತ್ತರಿಸಿದ್ಯಾ? ಅದು ಹೊಲಿಗೆ ಹಾಕೋ ಗೆರೆ ಕಣೆ. ಒಳಗೆ ಮಡಚೋ ಬಟ್ಟೆ ಎಲ್ಲಿ?”

ಹೌದಲ್ಲ! ಅಮ್ಮ ಯಾವಾಗಲೂ ಗೆರೆಯಿಂದ ಎರಡು ಬೆರಳು ಹೊರಗೆ ಕತ್ತರಿಸುತ್ತಿದ್ದಳು. ಬುಗುರಿ ನೋಡಿದ್ದು ಕತ್ತರಿಯ ಓಟವನ್ನು ಮಾತ್ರ. ಅಮ್ಮ ಪಕ್ಕಗಳನ್ನು ಗುಂಡುಸೂಜಿಯಲ್ಲಿ ಹಿಡಿದು ತೊಡಿಸಿದಳು. ಸ್ಕರ್ಟು ಸೊಂಟದ ಹತ್ತಿರ ಸಿಕ್ಕಿಕೊಂಡಿತು.

“ಐದು ದಿನಾನೂ ಅದೇ ನೀಲಿ ಪ್ಯಾಂಟಾ? ನಾಲ್ಕನೇ ದಿನ ಅದು ತಾನೇ ಎದ್ದು ನಡೆಯುತ್ತೆ,” ಎಂದಳು ಅಕ್ಕ. ಬುಗುರಿಯ ಕಣ್ಣು ತುಂಬಿದ್ದು ಕಂಡು, “ತಮಾಷೆಗೆ ಅಂದೆ ಕಣೇ,” ಎಂದು ತಲೆ ಸವರಿದಳು.

ಅಮ್ಮ ಬೈಯಲಿಲ್ಲ. ಕಪಾಟಿನ ಮೇಲಿನ ಅರೆಯಿಂದ ಮಡಿಸಿಟ್ಟಿದ್ದ ಒಂದು ಹೊಸ ಬಟ್ಟೆ ತೆಗೆದಳು. ಬೂದು, ನೀಲಿ ಚೌಕಳಿ. ತನಗೊಂದು ಅಂಗಿ ಹೊಲಿದುಕೊಳ್ಳಬೇಕೆಂದು ತಂದದ್ದು. ಊರವರ ಬಟ್ಟೆಯ ನಡುವೆ ಅದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ.

“ಎರಡು ಪಕ್ಕಕ್ಕೂ ಒಂದೊಂದು ಪಟ್ಟಿ ಸೇರಿಸಿದ್ರೆ ಆಯ್ತು,” ಎಂದು ಗೆರೆ ಎಳೆದು, ಕತ್ತರಿಯನ್ನು ಬುಗುರಿಯ ಮುಂದೆ ಇಟ್ಟಳು.

ಬುಗುರಿ ಕೈ ಹಿಂದಕ್ಕೆ ಕಟ್ಟಿಕೊಂಡಳು. “ಇದು ನಿನ್ನ ಹೊಸ ಬಟ್ಟೆ, ಅಮ್ಮಾ.”

“ಹೂಂ. ನನ್ನದೇ.”

ಬೆಂಚಿನ ಮೇಲಿದ್ದ ಹೆಂಗಸು ಕೆಮ್ಮಿದರು. “ನನ್ನ ಕೋಟು...”

“ಸ್ವಲ್ಪ ಕೂತಿರಿ,” ಎಂದಳು ಅಮ್ಮ. ಬಂದವರನ್ನು ಅಮ್ಮ ಕಾಯಿಸಿದ್ದನ್ನು ಬುಗುರಿ ಒಂದು ದಿನವೂ ಕಂಡಿರಲಿಲ್ಲ. ಯಂತ್ರ ನಿಂತೇ ಇತ್ತು. ಅಮ್ಮ ಬಟ್ಟೆಯ ಎರಡು ಮೂಲೆಗಳನ್ನು ಬಿಗಿಯಾಗಿ ಹಿಡಿದು ಕೂತಳು. ಅವಳ ಕಣ್ಣು ಗೆರೆಯ ಮೇಲೂ ಇರಲಿಲ್ಲ, ಕತ್ತರಿಯ ಮೇಲೂ ಇರಲಿಲ್ಲ. ಮಗಳ ಮುಖದ ಮೇಲಿತ್ತು.

ಬುಗುರಿ ನಿಧಾನವಾಗಿ ಗೆರೆಯ ಪಕ್ಕ ಎರಡು ಬೆರಳು ಊರಿದಳು. ಅದರಾಚೆಗೆ ಕತ್ತರಿಯ ಬಾಯಿ ಇಟ್ಟಳು. ಮತ್ತೆ ಹಿಂದಕ್ಕೆ ತೆಗೆದಳು.

“ಅಮ್ಮಾ, ಇದೊಂದು ಸಲ ನೀನೇ ಕತ್ತರಿಸಿಕೊಡು.”

“ಇಲ್ಲ,” ಎಂದಳು ಅಮ್ಮ. “ನಾನು ಕತ್ತರಿಸಲ್ಲ. ಬಟ್ಟೆ ಹಿಡ್ಕೊಂಡಿರ್ತೀನಿ, ನೀನೇ ಕತ್ತರಿಸು.”