ನಡುಮನೆಯ ಗೋಡೆ

ಮದುವೆಯಾದ ಲಾಗಾಯ್ತು ಹೆಂಡತಿ ಅವನ ಒಂದೇ ಒಂದು ಬಾಗಿಲನ್ನೂ ನೆಟ್ಟಗಿದೆ ಎಂದು ಒಪ್ಪಿರಲಿಲ್ಲ. ಅವನು ನಾಟಕ ಕಂಪನಿಯ ಬಡಗಿ. ಅರಮನೆ, ಸೆರೆಮನೆ, ಶ್ರೀಮಂತರ ಹಜಾರ, ಏನು ಕೇಳಿದರೂ ಹಲಗೆ ಬಟ್ಟೆಯಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ. ಪರದೆ ಸರಿದೊಡನೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹೆಂಡತಿ ಮಾತ್ರ ಮನೆಗೆ ಬಂದ ಮೇಲೆ, "ಬಾಗಿಲು ಸ್ವಲ್ಪ ಸೊಟ್ಟ ಅಲ್ವಾ?" ಎನ್ನುತ್ತಿದ್ದಳು.

ಕಂಪನಿಯ ದರ್ಜಿ ಹೆಂಗಸು ಹಾಗಲ್ಲ. ಗಂಡ ತೀರಿಕೊಂಡು ಒಬ್ಬಳೇ ಇದ್ದ ಆಕೆ ಅವನ ಬಾಗಿಲುಗಳ ಮುಂದೆ ನಿಂತು, "ಎಂಥಾ ಕೈ ನಿಮ್ದು" ಎನ್ನುತ್ತಿದ್ದಳು. ಬಡಗಿ ಅಲ್ಲೇ ಕರಗಿ ನೀರಾದ. ಆದರೆ ಆಕೆ ಲೆಕ್ಕಾಚಾರದವಳು. "ಬೇಗ ಒಂದು ತೀರ್ಮಾನಕ್ಕೆ ಬನ್ನಿ. ನಮ್ಮ ಕಂಪನಿ ಲೈಟಿನವರೂ ನನ್ನನ್ನ ಮದುವೆಗೆ ಕೇಳ್ತಿದ್ದಾರೆ" ಎಂದಳು.

ಸ್ನೇಹಿತನೊಬ್ಬನ ವಿಚಾರ ಎಂದು ಹೇಳಿಕೊಂಡು ಅವನು ವಕೀಲರ ಬಳಿ ಹೋದ. ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ವಿಚ್ಛೇದನ ಸಿಗುವುದೇ ಎಂದು ಕೇಳಿದ.

"ಒಪ್ಪಿದ್ರೆ ಸಾಲದು. ಒಂದು ವರ್ಷ ಬೇರೆ ಬೇರೆ ಬದುಕಿರಬೇಕು" ಎಂದರು ವಕೀಲರು.

"ಒಂದೇ ಸೂರಿನ ಕೆಳಗೆ ಬೇರೆ ಇದ್ರೆ?"

"ಆಗುತ್ತೆ. ಒಲೆ ಬೇರೆ, ಹಾಸಿಗೆ ಬೇರೆ ಇರಬೇಕು. ಒಬ್ಬರ ಭಾಗಕ್ಕೆ ಇನ್ನೊಬ್ಬರು ಕಾಲಿಡಬಾರದು. ಕೋರ್ಟಿಂದ ಬಂದು ನೋಡ್ತಾರೆ. ಸುಳ್ಳು ಅಂತ ಗೊತ್ತಾದ್ರೆ ಅರ್ಜಿ ವಜಾ. ಮೇಲೆ, ಸುಳ್ಳು ಪ್ರಮಾಣ ಮಾಡಿದ್ದಕ್ಕೆ ನಿಮ್ಮ ಸ್ನೇಹಿತರ ಮೇಲೇ ಕೇಸು."

ಸ್ನೇಹಿತ ಅಂದು ಬೆಳಿಗ್ಗೆ ತಾನೇ ಹೆಂಡತಿ ಮಾಡಿದ ತಿಂಡಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದು ಬಂದಿದ್ದ. ವರ್ಷ ಕಾಯುತ್ತ ಕೂತರೆ ಲೈಟಿನವನು ಸುಮ್ಮನಿರುತ್ತಾನೆಯೇ? ಆದರೆ ಹೊಸದನ್ನು ಹಳೆಯದರಂತೆ ಕಟ್ಟುವುದೇ ತಾನೆ ಬಡಗಿಯ ಕಸುಬು. ಒಂದು ವರ್ಷವನ್ನು ಒಂದು ವಾರದಲ್ಲಿ ಕಟ್ಟಿಬಿಡಲು ಅವನು ಪಣ ತೊಟ್ಟ.

ವಿಷಯ ತಿಳಿಸಿದಾಗ ಹೆಂಡತಿ ತಕರಾರು ಮಾಡಲಿಲ್ಲ. "ಅಡುಗೆಮನೆ ನನ್ನ ಕಡೆ ಬರ್ಲಿ. ಸುಳ್ಳು ಪ್ರಮಾಣ ನೀವೇ ಮಾಡ್ಕೊಳ್ಳಿ, ನಾನು ತಲೆ ಆಡಿಸ್ತೀನಿ" ಎಂದಳು. ಅವಳಿಗೂ ಅವನ ಸುತ್ತಿಗೆ ಸದ್ದು ಕೇಳಿ ಕೇಳಿ ಸಾಕಾಗಿತ್ತು.

ಮನೆಯ ನಡುವೆ ಗೋಡೆ ಎದ್ದಿತು. ಮುಂಬಾಗಿಲಿನ ಭಾಗ ಅವನದು, ಹಿತ್ತಿಲ ಬಾಗಿಲಿನ ಭಾಗ ಅವಳದು. ಹಲಗೆಯ ಮೇಲೆ ಸುಣ್ಣ ಬಳಿದು, ಟೀ ಡಿಕಾಕ್ಷನ್ ಸವರಿ ಹಳದಿಗೆ ತಿರುಗಿಸಿದ. ಹಿಂದೆ ಪಟವೊಂದು ತೂಗುತ್ತಿತ್ತೇನೋ ಎಂಬಂತೆ ಒಂದು ಚೌಕವನ್ನು ಬೆಳ್ಳಗೆ ಬಿಟ್ಟ. ಅಂಟಿನಿಂದ ಜೇಡರ ಬಲೆ ಎಳೆದ. ತನ್ನ ಹೊಸ ಒಲೆಗೆ ಮಸಿ ಹಚ್ಚಿ, ಒಂಟಿ ಹಾಸಿಗೆಯ ನಡುವೆ ಒಬ್ಬನೇ ಮಲಗಿದ ತಗ್ಗನ್ನು ಮೊಣಕೈಯಿಂದ ಒತ್ತಿ ಒತ್ತಿ ಮೂಡಿಸಿದ. ಊಟ ತಿಂಡಿಗೆ ಓಡಾಡಲು ಬಿಟ್ಟುಕೊಂಡಿದ್ದ ಸಂದನ್ನು ಕೋರ್ಟಿನ ಅಧಿಕಾರಿ ಬರುವ ದಿನ ಬೆಳಿಗ್ಗೆ ಮುಚ್ಚಿದ. ಇಂಥ ಕೆಲಸಕ್ಕೆ ಚಪ್ಪಾಳೆ ಇಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಜಾರಾಯಿತು.

ಅಧಿಕಾರಿ ವಯಸ್ಸಾದವರು, ಮಾತು ಕಡಿಮೆ. ಗೋಡೆಯ ಮೇಲೆ ಬೆರಳಾಡಿಸಿದರು, ಬಲೆಗೆ ಊದಿದರು, ಹಾಸಿಗೆಯ ತಗ್ಗು ನೋಡಿ ಅಯ್ಯೋ ಪಾಪ ಎಂಬ ಮುಖ ಮಾಡಿದರು.

"ಆ ಕಡೆಗೆ ಒಂದು ಸಲಾನೂ ಹೋಗಿಲ್ವಾ?"

"ವರ್ಷದಿಂದ ಹೆಜ್ಜೆ ಇಟ್ಟಿಲ್ಲ ಸಾರ್. ಬೇಕಾದ್ದೆಲ್ಲಾ ಇಲ್ಲೇ ಇದೆ."

ಅವರು ತಲೆಯಾಡಿಸಿದ್ದು ಕಂಡು ಬಡಗಿ ಉಬ್ಬಿಹೋದ. ಒಲೆ ಉರಿಯುವುದನ್ನು ತೋರಿಸಲೆಂದೇ ಟೀ ಮಾಡಿಕೊಟ್ಟ. ಚೆನ್ನಾಗಿದೆ ಎಂದರು, ಇನ್ನೊಂದು ಲೋಟ ಕೊಟ್ಟ. ಬೇಡವೆಂದರೂ ಬಿಡದೆ ಮತ್ತೊಂದು ಕುಡಿಸಿದ. ದರ್ಜಿ ಹೆಂಗಸಿಗೆ ಈ ಸುದ್ದಿಯನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ.

ಅಧಿಕಾರಿ ಲೋಟ ಕೆಳಗಿಟ್ಟು ಎದ್ದರು. "ನಿಮ್ಮ ಭಾಗ ಸರಿಯಾಗಿದೆ. ಆ ಕಡೆ ನೋಡೋಕೆ ಮುಂಚೆ ಒಂದು ನಿಮಿಷ, ಟಾಯ್ಲೆಟ್ ಎಲ್ಲಿ?" ಬಡಗಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವನು ಜೀವಮಾನವೆಲ್ಲ ಕಟ್ಟಿದ ಮನೆಗಳಲ್ಲಿ ರಾಜರು ಆಳಿದ್ದರು, ಕಳ್ಳರು ಅಡಗಿದ್ದರು, ಪ್ರೇಮಿಗಳು ವಿಷ ಕುಡಿದಿದ್ದರು. ಯಾರೊಬ್ಬರಿಗೂ ಅದರ ಅವಸರ ಬಿದ್ದಿರಲಿಲ್ಲ. ಮನೆಗಿದ್ದ ಒಂದೇ ಒಂದು ಟಾಯ್ಲೆಟ್ ಗೋಡೆಯ ಆ ಕಡೆ ಇತ್ತು, ಮತ್ತು ಅದರೊಳಗಿಂದ ಹೆಂಡತಿ ನೆಮ್ಮದಿಯಾಗಿ ನೀರು ಸುರಿಯುವ ಸದ್ದು ಕೇಳಿಬರುತ್ತಿತ್ತು.